ಹೆಗ್ಗೆಣಸಿನ ನಿದ್ರೆ

(ಅಂತಿಮ ಬಿ.ಎ., ಐಚ್ಛಿಕ ಇಂಗ್ಲಿಷ್)

ನೈಜೀರಿಯದ ಕಾದಂಬರಿಕಾರ ಚಿನುವಾ ಅಚಿಬೆಯವರು 1958 ರಲ್ಲಿ ಪ್ರಕಟಿಸಿದ 'ಥಿಂಗ್ಸ್ ಫಾಲ್ ಅಪಾರ್ಟ್' ಎಂಬ ಕಾದಂಬರಿಯನ್ನು ಓದಿದವರಿಗೆ ಅದರಲ್ಲಿ ಮತ್ತೆ ಮತ್ತೆ ಬರುವ 'ಯಾಮ್' ಎಂಬ ಮಾತು ನೆನಪಿನಲ್ಲಿರಬಹುದು. ಕಥಾನಾಯಕ ಒಕೊಂಕ್ವೊ ಬಡ ತಂದೆಯ ಮಗ. ಅವನಿಗೆ ತಂದೆಯಿಂದ ಬಂದ ಹೊಲವಿಲ್ಲ, ಕಣಜವಿಲ್ಲ, ಬಿತ್ತಲು ಬೀಜವೂ ಇಲ್ಲ. ಊರಿನ ಶ್ರೀಮಂತನೊಬ್ಬನ ಬಳಿಗೆ ಹೋಗಿ 800 ಬೀಜದ ಗೆಡ್ಡೆಗಳನ್ನು ಪಾಲಿಗೆ ತರುತ್ತಾನೆ. ದುಡಿಮೆಯೆಲ್ಲ ಅವನದು; ಬೆಳೆದುದರಲ್ಲಿ ಮೂರನೆಯ ಒಂದು ಭಾಗ ಮಾತ್ರ ಅವನಿಗೆ. ತರಗತಿಯಲ್ಲಿ ಈ ಭಾಗದ ಪಾಠ ನಡೆದಾಗ ನನಗೆ ಕಥೆಗಿಂತ ಲೆಕ್ಕವೇ ಮನಸ್ಸಿಗೆ ಹೆಚ್ಚು ತಾಗಿತು. ಪಾಲಿಗೆ ಹೊಲ ಮಾಡುವ ಮನೆಯಲ್ಲಿ ಹುಟ್ಟಿದವರಿಗೆ ಈ ಲೆಕ್ಕವನ್ನು ಬೇರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಇಷ್ಟೊಂದು ಮಾನ ಪಡೆದ ಈ ಯಾಮ್ ಯಾವುದು? ನಮ್ಮಲ್ಲಿ ಸಾಮಾನ್ಯವಾಗಿ ಇದಕ್ಕೆ ಸುವರ್ಣಗೆಡ್ಡೆ ಎಂದು ಅರ್ಥ ಹೇಳಿಬಿಡುವ ರೂಢಿಯುಂಟು. ಸುವರ್ಣಗೆಡ್ಡೆಯ ಕುಲವೇ ಬೇರೆ. ಬಯಲುಸೀಮೆಯವರಾದ ನಾವು ಗೆಣಸು ಎಂದು ಬೇಯಿಸಿ ತಿನ್ನುವ ಸಿಹಿಗೆಣಸೂ ಇದಲ್ಲ. ಯಾಮ್ ಎಂಬುದು ಡಯಾಸ್ಕೋರಿಯ ಕುಲಕ್ಕೆ ಸೇರಿದ, ಕೋಲು ಹಿಡಿದು ಮೇಲಕ್ಕೆ ಹಬ್ಬುವ ಬಳ್ಳಿಯ ಗೆಡ್ಡೆ. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹೆಗ್ಗೆಣಸು, ತೂಣಗೆಣಸು ಮುಂತಾದ ಹೆಸರುಗಳಿಂದ ಬೆಳೆಯುವುದು ಇದೇ ಕುಲದ ಒಂದು ಜಾತಿ. ಪಶ್ಚಿಮ ಆಫ್ರಿಕದಲ್ಲಿ ಹೆಚ್ಚಾಗಿ ಬೆಳೆಯುವುದು ಅಲ್ಲಿಯದೇ ಆದ ಬಿಳಿ ಹೆಗ್ಗೆಣಸು. ಐವರಿಕೋಸ್ಟಿನಿಂದ ಕ್ಯಾಮರೂನಿನವರೆಗೆ, ಘಾನಾ, ಟೋಗೊ, ಬೆನಿನ್, ನೈಜೀರಿಯಗಳನ್ನು ಒಳಗೊಂಡು ಹಬ್ಬಿರುವ ಪ್ರದೇಶಕ್ಕೆ ಹೆಗ್ಗೆಣಸಿನ ಪಟ್ಟಿ ಎಂದೇ ಹೆಸರು. ಜಗತ್ತಿನ ಬೆಳೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಅಲ್ಲಿಯದು. ಸುಮಾರು ಮೂರನೆಯ ಎರಡು ಭಾಗ ನೈಜೀರಿಯ ಒಂದರದೇ. ಹೊಸ ಗೆಣಸಿನ ಹಬ್ಬವಾಗದೆ ಇಗ್ಬೊ ಜನರಲ್ಲಿ ಹೊಸ ಬೆಳೆಯನ್ನು ಬಾಯಿಗೆ ಇಡುವಂತಿಲ್ಲ ಎಂಬುದು ಹಳೆಯ ಸಂಪ್ರದಾಯ.

ಈ ಬೆಳೆಗೆ ಒಂದು ಇಕ್ಕಟ್ಟು ಉಂಟು. ಈ ಲೇಖನದ ವಿಷಯವೂ ಅದೇ. ಜೋಳವನ್ನು ಹಗೇವಿನಲ್ಲಿಟ್ಟರೆ ವರ್ಷಗಟ್ಟಲೆ ನಿಲ್ಲುತ್ತದೆ. ಹೆಗ್ಗೆಣಸು ಹಾಗಲ್ಲ, ಅದು ಉಸಿರಾಡುವ, ನೀರು ತುಂಬಿದ, ಜೀವವಿರುವ ಅಂಗ. ಮುಖ್ಯ ಸುಗ್ಗಿ ಮಳೆ ನಿಂತ ಮೇಲೆ, ಸುಮಾರಾಗಿ ನವೆಂಬರಿನಿಂದ ಜನವರಿಯ ವರೆಗೆ. ಅಗೆದು ತಂದ ಗೆಡ್ಡೆಗಳನ್ನು ರೈತರು ನೆರಳಿನಲ್ಲಿ ನಿಲ್ಲಿಸಿದ ಕಂಬಗಳ ಹಂದರಕ್ಕೆ ಒಂದರ ಮೇಲೊಂದು ನಾರಿನಿಂದ ಕಟ್ಟಿ, ಗಾಳಿಯಾಡುವಂತೆ ಇಡುತ್ತಾರೆ. ಎರಡು ಮೂರು ತಿಂಗಳು ಎಲ್ಲವೂ ಸರಿಯಾಗಿರುತ್ತದೆ. ಆ ಮೇಲೆ, ಹೊರಗೆ ಮಳೆಯ ಸುಳಿವೇ ಇಲ್ಲದಿದ್ದರೂ, ಗೆಡ್ಡೆಯ ತಲೆಯಲ್ಲಿ ಮೊಳಕೆ ಕಾಣಿಸಿಕೊಳ್ಳುತ್ತದೆ. ಮೊಳಕೆ ಬಂತೆಂದರೆ ಉಸಿರಾಟದ ವೇಗ ಏರಿತು, ಹಿಟ್ಟು ಸಕ್ಕರೆಯಾಗಿ ಕರಗತೊಡಗಿತು, ನೀರು ಆರತೊಡಗಿತು ಎಂದೇ ತಿಳಿಯಬೇಕು. ಗೆಡ್ಡೆ ಸುಕ್ಕುಗಟ್ಟುತ್ತದೆ, ಕೊಳೆರೋಗದ ಬೂಷ್ಟುಗಳಿಗೂ ದಾರಿಯಾಗುತ್ತದೆ. ಆರು ತಿಂಗಳು ಇಟ್ಟರೆ ತೂಕದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ನಷ್ಟವಾಗಬಹುದೆಂದು ಬಲ್ಲವರು ಬರೆದಿದ್ದಾರೆ. ಹೊಸ ಬೆಳೆ ಕೈಗೆ ಬರುವುದು ಜುಲೈ ಆಗಸ್ಟಿಗೆ. ನಡುವಣ ಮೇ, ಜೂನ್ ತಿಂಗಳುಗಳೇ ಅಲ್ಲಿ ಹಸಿವಿನ ಕಾಲ. ಬೆಲೆ ಏರುವುದೂ ಆಗಲೇ. ಮನೆಯಲ್ಲಿಟ್ಟ ಗೆಡ್ಡೆ ಕರಗಿಹೋಗಿರುವುದೂ ಆಗಲೇ.

ಇದು ಉಣ್ಣುವ ಗೆಡ್ಡೆಯ ಮಾತಾಯಿತು. ಬೀಜವೂ ಅದೇ ಹಂದರದಲ್ಲಿ ಇರುತ್ತದೆ. ಹೆಗ್ಗೆಣಸನ್ನು ಕಾಳಿನಿಂದ ಬೆಳೆಸುವುದಿಲ್ಲ. ಸಣ್ಣ ಗೆಡ್ಡೆಯನ್ನೋ ದೊಡ್ಡ ಗೆಡ್ಡೆಯ ಹೋಳನ್ನೋ ನೆಡಬೇಕು. ಬೆಳೆದುದರಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಮುಂದಿನ ವರ್ಷದ ಬೀಜಕ್ಕೆಂದು ತೆಗೆದಿಡಬೇಕಾಗುತ್ತದೆ. ಜೋಳದ ಬೀಜವನ್ನು ಒಂದು ಚೀಲದಲ್ಲಿ ಕಟ್ಟಿ ಜಂತಿಗೆ ತೂಗುಹಾಕುವ ನಮಗೆ ಈ ಭಾರ ಊಹೆಗೆ ನಿಲುಕುವುದು ಕಷ್ಟ. ಒಕೊಂಕ್ವೊನಂಥವನು ಸಾಲಕ್ಕೆ ಹೋದದ್ದು ಅನ್ನಕ್ಕಾಗಿ ಅಲ್ಲ, ಬೀಜಕ್ಕಾಗಿ ಎಂಬುದನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ.

ಗೆಡ್ಡೆಗೆ ಅಗೆದ ದಿನದಿಂದ ಮೊಳೆಯುವ ದಿನದವರೆಗೆ ಇರುವ ಈ ಸ್ತಬ್ಧ ಸ್ಥಿತಿಯನ್ನು ಸಸ್ಯಶಾಸ್ತ್ರಜ್ಞರು ಸುಪ್ತಾವಸ್ಥೆ ಎನ್ನುತ್ತಾರೆ. ನಾವು ನಿದ್ರೆ ಎನ್ನೋಣ. ಬಿಳಿ ಹೆಗ್ಗೆಣಸಿನಲ್ಲಿ ಇದು ಸುಮಾರು 12 ರಿಂದ 14 ವಾರ. ಹಳದಿ ಜಾತಿಯಲ್ಲಿ 4 ರಿಂದ 8 ವಾರ ಮಾತ್ರ. ಈ ನಿದ್ರೆಯನ್ನು ಇನ್ನಷ್ಟು ಉದ್ದ ಮಾಡಲು ಬರುವುದೇ? ಬರುತ್ತದೆ ಎಂಬುದು ಉತ್ತರ. ಅದನ್ನು ಮಾಡುವ ವಸ್ತು ಯಾವುದೆಂದು ತಿಳಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಏಕೆಂದರೆ ಆ ವಸ್ತುವಿನ ಹೆಸರು ನಮ್ಮ ಮನೆಯಲ್ಲಿ ದಿನಬಳಕೆಯ ಮಾತು.

ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರಿನ ಚಾಟ್ನಿ ಮುಗಿದು, ಎಂದರೆ ಬಳ್ಳಿ ಸವರಿ ಆದ ಮೇಲೆ, ಗೊನೆ ಕಾಣಿಸಿಕೊಂಡ ಕಾಲದಲ್ಲಿ 'ಜಿ.ಎ.' ಎಂಬ ನೀರನ್ನು ಬಳಸುತ್ತಾರೆ. ಹೆಣ್ಣಾಳುಗಳು ಒಂದೊಂದು ಗೊನೆಯನ್ನೂ ಮಗ್ಗಿನಲ್ಲಿಯ ನೀರಿನೊಳಗೆ ಅದ್ದುತ್ತ ಸಾಲಿನಿಂದ ಸಾಲಿಗೆ ಹೋಗುತ್ತಾರೆ. ನಮ್ಮ ಅವ್ವ ಹಲವು ವರ್ಷಗಳಿಂದ ಈ ಕೆಲಸಕ್ಕೆ ಹೋಗುವವಳು. ಅದೇನೆಂದು ಕೇಳಿದರೆ, "ಕಾಯಿ ಉದ್ದಾಗೂ ಎಣ್ಣಿ" ಎನ್ನುತ್ತಾಳೆ. ನಮ್ಮ ಕಡೆ ತೋಟಕ್ಕೆ ಹೊಡೆಯುವ ಔಷಧಕ್ಕೆಲ್ಲ ಎಣ್ಣಿ ಎಂದೇ ಹೆಸರು. ಅವಳ ವಿವರಣೆಯಲ್ಲಿ ತಪ್ಪೇನೂ ಇಲ್ಲ. ಜಿ.ಎ. ಎಂದರೆ ಗಿಬ್ಬರಲಿಕ್ ಆಮ್ಲ. ಸಾಮಾನ್ಯವಾಗಿ ಹಣ್ಣಿನೊಳಗಣ ಬೀಜವೇ ಈ ವಸ್ತುವನ್ನು ತಯಾರಿಸಿ, ಕಾಯಿಯನ್ನು ದಪ್ಪವಾಗಿಸುತ್ತದೆ. ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಗೆ ಬೀಜವಿಲ್ಲ. ಆದುದರಿಂದ ಬೀಜ ಮಾಡಬೇಕಾದ ಕೆಲಸವನ್ನು ಅವ್ವನ ಮಗ್ಗು ಮಾಡುತ್ತದೆ.

ಗಿಬ್ಬರಲಿನ್ನಿನ ಚರಿತ್ರೆ ಕೇಳತಕ್ಕದ್ದು. ಜಪಾನಿನ ಭತ್ತದ ಗದ್ದೆಗಳಲ್ಲಿ ಒಂದು ರೋಗವಿತ್ತು. ರೋಗ ತಗುಲಿದ ಸಸಿ ಒಣಗುವ ಬದಲು ಉಳಿದವುಗಳನ್ನು ಮೀರಿ ಸಣಕಲಾಗಿ ಎತ್ತರಕ್ಕೆ ಬೆಳೆದು, ತೆನೆ ಕಟ್ಟದೆ ಬಿದ್ದುಹೋಗುತ್ತಿತ್ತು. ರೈತರು ಅದನ್ನು 'ಬಕಾನೆ', ಎಂದರೆ ಪೆದ್ದು ಸಸಿ, ಎಂದು ಕರೆಯುತ್ತಿದ್ದರು. ಆಗ ಜಪಾನಿನ ಆಳ್ವಿಕೆಯಲ್ಲಿದ್ದ ಫಾರ್ಮೋಸದಲ್ಲಿ ಕೆಲಸ ಮಾಡುತ್ತಿದ್ದ ಕುರೊಸಾವಾ ಎಂಬ ವಿಜ್ಞಾನಿ 1926 ರಲ್ಲಿ, ಆ ರೋಗದ ಬೂಷ್ಟನ್ನು ಬೆಳೆಸಿದ ದ್ರವವನ್ನು ಸೋಸಿ, ಬೂಷ್ಟೇ ಇಲ್ಲದ ಬರಿಯ ದ್ರವವೂ ಸಸಿಯನ್ನು ಹಾಗೆಯೇ ಉದ್ದವಾಗಿಸುವುದೆಂದು ತೋರಿಸಿದನು. 1935 ರಲ್ಲಿ ಯಬುತಾ ಎಂಬವರು ಆ ವಸ್ತುವಿಗೆ ಬೂಷ್ಟಿನ ಹೆಸರಿನಿಂದಲೇ ಗಿಬ್ಬರಲಿನ್ ಎಂದು ನಾಮಕರಣ ಮಾಡಿದರು. 1938 ರಲ್ಲಿ ಹರಳುಗಳು ದೊರೆತವು. ಇಂಗ್ಲೆಂಡು ಅಮೆರಿಕಗಳು ಇದರತ್ತ ಗಂಭೀರವಾಗಿ ಗಮನ ಕೊಟ್ಟದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಮುಂದೆ ಆರೋಗ್ಯವಂತ ಗಿಡಗಳೂ ಇದನ್ನು ತಮ್ಮೊಳಗೆ ತಾವೇ ತಯಾರಿಸಿಕೊಳ್ಳುತ್ತವೆ ಎಂದು ತಿಳಿದುಬಂತು. ಹೀಗೆ ರೋಗದ ವಿಷವೆಂದು ಸಿಕ್ಕಿದ್ದು ಸಸ್ಯಗಳ ಹಾರ್ಮೋನು ಎಂದಾಯಿತು. ಆಕ್ಸಿನ್, ಸೈಟೊಕೈನಿನ್, ಎಥಿಲೀನ್, ಅಬ್ಸಿಸಿಕ್ ಆಮ್ಲ ಇವು ಇದರ ಪ್ರಸಿದ್ಧ ಒಡನಾಡಿಗಳು. ಇವುಗಳ ಕೆಲಸ ಆಹಾರ ಒದಗಿಸುವುದಲ್ಲ, ಅಪ್ಪಣೆ ಒಯ್ಯುವುದು. ಆದ್ದರಿಂದಲೇ ಹತ್ತು ಲಕ್ಷ ಭಾಗ ನೀರಿಗೆ ಕೆಲವೇ ಭಾಗ ಬೆರೆಸಿದರೂ ಸಾಕಾಗುತ್ತದೆ.

ಗಿಬ್ಬರಲಿನ್ನಿನ ಅಪ್ಪಣೆ ಸಾಧಾರಣವಾಗಿ 'ಏಳು' ಎಂದು. ನೆನೆದ ಬಾರ್ಲಿಯ ಕಾಳಿನಲ್ಲಿ ಭ್ರೂಣವು ಗಿಬ್ಬರಲಿನ್ನನ್ನು ಕಳುಹಿಸಿದಾಗಲೇ ಕಾಳಿನ ಹೊರಪದರ ಹಿಟ್ಟನ್ನು ಕರಗಿಸುವ ಕಿಣ್ವವನ್ನು ಮಾಡತೊಡಗುವುದು. ಆಲೂಗಡ್ಡೆಯ ಬೀಜದ ಹೋಳುಗಳು ಬೇಗ ಮೊಳೆಯಲಿ ಎಂದು ಗಿಬ್ಬರಲಿನ್ ನೀರಿನಲ್ಲಿ ಅದ್ದುವುದೂ ಉಂಟು. ಹೀಗಿರುವಲ್ಲಿ ಹೆಗ್ಗೆಣಸೂ ಗೆಡ್ಡೆಯೇ ತಾನೆ, ಅದೂ ಬೇಗ ಏಳಬೇಕು ಎಂದು ಯಾರಾದರೂ ಹೇಳಿಯಾರು. ಆದರೆ 1971 ರಲ್ಲಿ ಜಪಾನಿನ ಓಕಗಾಮಿ ಮತ್ತು ನಗಾವೊ ಎಂಬವರು, ಹೆಗ್ಗೆಣಸಿನ ಬಳ್ಳಿಯ ಎಲೆಕಂಕುಳಲ್ಲಿ ಬಿಡುವ ಪುಟ್ಟ ಗೆಡ್ಡೆಗಳಿಗೆ ಗಿಬ್ಬರಲಿನ್ ಕೊಟ್ಟರೆ ಅವು ಇನ್ನೂ ಗಾಢವಾಗಿ ನಿದ್ರಿಸುತ್ತವೆ ಎಂದು ಪ್ರಕಟಿಸಿದರು. ಮರುವರ್ಷ ಜಪಾನಿನವರೇ ಆದ ಹಶಿಮೊಟೊ ಮತ್ತು ಸಂಗಡಿಗರು ಆ ಪುಟ್ಟ ಗೆಡ್ಡೆಗಳಿಂದ ನಿದ್ರೆ ತರುವ ಕೆಲವು ವಸ್ತುಗಳನ್ನು ಬೇರ್ಪಡಿಸಿ, ಅವಕ್ಕೆ ಬಟಟಾಸಿನ್ ಎಂದು ಹೆಸರಿಟ್ಟರು. ಗಿಬ್ಬರಲಿನ್ ಬಿದ್ದಾಗ ಬಟಟಾಸಿನ್ ಹೆಚ್ಚುತ್ತದೆ ಎಂಬುದನ್ನೂ ಕಂಡರು. ನಿದ್ರೆಗೆ ಅದೊಂದೇ ಕಾರಣವೆಂದು ಎಲ್ಲರೂ ಒಪ್ಪಿದ್ದಾರೆ ಎಂದಲ್ಲ. ಅಂತೂ ಒಂದೇ ಅಪ್ಪಣೆಯನ್ನು ಆಲೂಗಡ್ಡೆ 'ಏಳು' ಎಂದು ಕೇಳಿದರೆ ಹೆಗ್ಗೆಣಸು 'ಮಲಗು' ಎಂದು ಕೇಳುತ್ತದೆ. ಅರ್ಥ ಮಾತಿನಲ್ಲಿಲ್ಲ, ಕೇಳುವವನಲ್ಲಿದೆ ಎಂದು ನಮ್ಮ ಕಾವ್ಯಮೀಮಾಂಸೆಯ ತರಗತಿಯಲ್ಲಿ ಚರ್ಚೆ ನಡೆಯುವುದುಂಟು. ಸಸ್ಯಶಾಸ್ತ್ರದಲ್ಲಿಯೂ ಅಂಥದೊಂದು ಉದಾಹರಣೆ ಇದ್ದುದು ನನಗೆ ಸೋಜಿಗವೆನಿಸಿತು.

ಜಪಾನಿನ ಪುಟ್ಟ ಗೆಡ್ಡೆಗಳಲ್ಲಿ ಕಂಡದ್ದು ಉಷ್ಣದೇಶಗಳ ದೊಡ್ಡ ಗೆಡ್ಡೆಗಳಲ್ಲಿಯೂ ಉಂಟೇ ಎಂದು ನೋಡುವ ಪ್ರಯೋಗಗಳು 1980 ರಿಂದ ಈಚೆಗೆ ವೆಸ್ಟ್ ಇಂಡೀಸ್, ನೈಜೀರಿಯ, ಐವರಿಕೋಸ್ಟುಗಳಲ್ಲಿ ನಡೆದವು. ಕ್ರಮ ಸರಳವಾದದ್ದು. ಅಗೆದ ಗೆಡ್ಡೆಗಳನ್ನು ಆಯ್ದು, ಗಿಬ್ಬರಲಿಕ್ ಆಮ್ಲದ ನೀರಿನಲ್ಲಿ ಸ್ವಲ್ಪ ಕಾಲ ಮುಳುಗಿಸಿ, ಆರಿಸಿ, ಹಂದರಕ್ಕೆ ಏರಿಸುವುದು. ಹೀಗೆ ಮಾಡಿದವು ಮಾಡದವುಗಳಿಗಿಂತ ಹಲವು ವಾರ ತಡವಾಗಿ ಮೊಳೆತವು. ತೂಕದ ನಷ್ಟವೂ ಕಡಿಮೆಯಾಯಿತು. ಐವರಿಕೋಸ್ಟಿನ ಫಲಿತಾಂಶಗಳು 1998 ರಲ್ಲಿ ಪ್ರಕಟವಾದವು. ಫೆಬ್ರವರಿ ಮಾರ್ಚಿನಲ್ಲಿ ಮೊಳೆಯುವ ಗೆಡ್ಡೆಯನ್ನು ಇನ್ನೊಂದೆರಡು ತಿಂಗಳು ತಡೆದರೆ ಅದು ಹಸಿವಿನ ಕಾಲದ ಬಾಗಿಲಿಗೆ ಬಂದು ನಿಲ್ಲುತ್ತದೆ. ಕೆಲವು ವಾರಗಳ ಬೆಲೆ ಇಲ್ಲಿರುವುದು.

ಆದರೆ ಹೊತ್ತು ಮೀರಿದರೆ ಪ್ರಯೋಜನವಿಲ್ಲ. ಮೊಳಕೆ ಹೊರಟ ಮೇಲೆ ಮುಳುಗಿಸಿದ ಗೆಡ್ಡೆಯನ್ನು ಮತ್ತೆ ಮಲಗಿಸಲು ಆಗದು. ಇದರ ಒಳಗುಟ್ಟನ್ನು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರೂ, ಇಬಾದಾನಿನಲ್ಲಿ 1967 ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯವರೂ ಕೂಡಿ 2006 ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಬಿಡಿಸಿ ತೋರಿಸಿತು. ಆಲೂಗಡ್ಡೆಗೆ ಕಣ್ಣುಗಳಿರುತ್ತವೆ, ಮೊಗ್ಗು ಮೊದಲೇ ಸಿದ್ಧವಾಗಿರುತ್ತದೆ. ಹೆಗ್ಗೆಣಸಿಗೆ ಕಣ್ಣಿಲ್ಲ, ಸಿಪ್ಪೆಯ ಕೆಳಗೆ ಮೊಗ್ಗು ಹೊಸದಾಗಿ ಹುಟ್ಟಬೇಕು. ಆದುದರಿಂದ ಅದರ ನಿದ್ರೆಗೆ ಮೂರು ಘಟ್ಟ. ಗೆಡ್ಡೆ ಮಣ್ಣಿನಲ್ಲಿ ಕೂಡತೊಡಗಿದಂದಿನಿಂದ ಒಳಗೆ ಮೊಳಕೆಯ ಮೂಲಕಣಗಳು ಗುಂಪುಗೂಡುವ ತನಕ ಸುಮಾರು 220 ದಿನ. ಅಲ್ಲಿಂದ ಎಲೆಯ ಅಂಕುರ ಮೂಡುವ ತನಕ ಸುಮಾರು 40 ದಿನ. ಆ ಮೇಲೆ ಸಿಪ್ಪೆ ಒಡೆದು ಹೊರಗೆ ಕಾಣಿಸಿಕೊಳ್ಳಲು ಸುಮಾರು 10 ದಿನ. ಅವರು ಕಂಡದ್ದೇನೆಂದರೆ, ಮೊದಲ ದೀರ್ಘ ಘಟ್ಟದ ಮೇಲೆ ಅವರು ಪ್ರಯೋಗಿಸಿದ ಯಾವ ಹಾರ್ಮೋನಿನ ಆಟವೂ ನಡೆಯಲಿಲ್ಲ. ಗಿಬ್ಬರಲಿನ್ ಹಿಗ್ಗಿಸಬಲ್ಲದು ಎರಡನೆಯ ಘಟ್ಟವನ್ನು ಮಾತ್ರ. ನಿದ್ರೆ ಸುಗ್ಗಿಯ ದಿನ ಪ್ರಾರಂಭವಾಗುವುದೂ ಅಲ್ಲ. ರೈತನು ಹಾರೆ ಹಾಕುವ ಹೊತ್ತಿಗೆ ಅದರ ಬಹುಭಾಗ ಮಣ್ಣಿನೊಳಗೆ ಕಳೆದೇ ಹೋಗಿರುತ್ತದೆ.

ಹಾರ್ಮೋನನ್ನು ಬಿಟ್ಟು ಬೇರೆ ದಾರಿಗಳೂ ಇಲ್ಲದಿಲ್ಲ. ಆಲೂಗಡ್ಡೆಯ ಮೊಳಕೆ ತಡೆಯಲು ಪರದೇಶಗಳಲ್ಲಿ ಬಳಸಿದ ರಸಾಯನಗಳು ಹೆಗ್ಗೆಣಸಿಗೆ ಹಿಡಿಸಲಿಲ್ಲ. ಕಣ್ಣೇ ಇಲ್ಲದ ಗೆಡ್ಡೆಯಲ್ಲಿ ಅವು ಹುಡುಕುವ ಮೊಗ್ಗು ಇನ್ನೂ ಹುಟ್ಟಿರುವುದಿಲ್ಲ. ತಂಪುಗೃಹದಲ್ಲಿ 15, 16 ಡಿಗ್ರಿ ಉಷ್ಣತೆಯಲ್ಲಿಟ್ಟರೆ ಬಾಳುತ್ತದೆ. 12 ಡಿಗ್ರಿಗಿಂತ ಕೆಳಕ್ಕಿಳಿದರೆ ಚಳಿಗೆ ಒಳಗೇ ಕಂದುಗಟ್ಟಿ ಕೆಡುತ್ತದೆ. ಗಾಮಾ ಕಿರಣ ಹಾಯಿಸಿದರೆ ಮೊಳೆಯುವುದೇ ಇಲ್ಲ. ನಾಸಿಕ್ ಜಿಲ್ಲೆಯ ಲಾಸಲಗಾಂವದಲ್ಲಿ ಉಳ್ಳಾಗಡ್ಡಿಗೆ ಹೀಗೆ ಕಿರಣ ಕೊಡುವ ಕೇಂದ್ರವೊಂದನ್ನು ಕಟ್ಟಿದ್ದಾರೆ. ಆದರೆ ಯಂತ್ರ ಒಂದು ಕಡೆ, ಬೆಳೆ ಸಾವಿರ ಹಳ್ಳಿಗಳಲ್ಲಿ. ಹೊತ್ತು ತರುವ ಕೂಲಿ ಯಾರದು? ಎಲ್ಲಕ್ಕೂ ಅಗ್ಗದ ಉಪಾಯ ಅಲ್ಲಿಯ ಮನೆಗಳಲ್ಲಿ ಹಿಂದಿನಿಂದಲೂ ಇದ್ದದ್ದು: ಕೆಲವು ವಾರಗಳಿಗೊಮ್ಮೆ ಹಂದರದ ಸುತ್ತ ಹೋಗಿ ಮೊಳಕೆಗಳನ್ನು ಕೈಯಿಂದ ಮುರಿದುಹಾಕುವುದು. ಇದರಿಂದ ನಷ್ಟ ನಿಜವಾಗಿಯೂ ತಗ್ಗುತ್ತದೆ ಎಂದು ಪ್ರಯೋಗಗಳೂ ಒಪ್ಪಿವೆ. ಸಾವಿರಾರು ಗೆಡ್ಡೆಗಳಿದ್ದರೆ ಮಾತ್ರ ಮುರಿಯುವ ಕೈಗಳು ಸಾಲವು.

ಹಾಗಾದರೆ ಗಿಬ್ಬರಲಿನ್ ಅಲ್ಲಿಯ ಮನೆಮನೆಯ ಮಾತೇಕಾಗಿಲ್ಲ? ಇದಕ್ಕೆ ಉತ್ತರ ಪುಸ್ತಕದಲ್ಲಿ ಅರ್ಧ ಸಿಕ್ಕಿತು, ಇನ್ನರ್ಧ ನಮ್ಮ ತೋಟದ ಸಾಲುಗಳಲ್ಲಿ. ಆ ಪುಡಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮೊದಲು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕರಗಿಸಿ ಆಮೇಲೆ ನೀರಿಗೆ ಸುರಿಯಬೇಕು. ಇದನ್ನು ತೋಟದ ಮೇಸ್ತ್ರಿ ಆಳುಗಳ ಕೈಗೆ ಕೊಡದೆ ತಾನೇ ಮಾಡುತ್ತಾನೆ. ದ್ರಾಕ್ಷಿಯ ಗೊನೆ ಮಗ್ಗಿನಲ್ಲಿ ಹಿಡಿಯುತ್ತದೆ. ಎರಡು ಮೂರು ಕಿಲೋ ತೂಗುವ ಗೆಡ್ಡೆಗಳನ್ನು ಸಾವಿರಗಟ್ಟಲೆ ಮುಳುಗಿಸಲು ತೊಟ್ಟಿ ಬೇಕು, ತೊಟ್ಟಿ ತುಂಬ ಔಷಧದ ನೀರು ಬೇಕು. ಅಗೆಯುವಾಗ ಗಾಯವಾದ ಗೆಡ್ಡೆ ಒದ್ದೆಯಾಗಿ ಆರದೆ ಉಳಿದರೆ ಕೊಳೆಯುವ ಭಯವೂ ಉಂಟು. ಗಾಯ ಮಾಯಲು ಮೊದಲು ಕೆಲವು ದಿನ ಬಿಸಿಯೂ ತೇವವೂ ಇರುವ ಗಾಳಿಯಲ್ಲಿ ಇಡಬೇಕು ಎನ್ನುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಕಾಲದ್ದು ಎಂದು ನನಗೆ ತೋರುತ್ತದೆ. ಔಷಧ ಕೊಳ್ಳಬೇಕಾದದ್ದು ಸುಗ್ಗಿ ಮುಗಿದ ಕೂಡಲೆ. ಗೆಡ್ಡೆಯ ಬೆಲೆ ಆಗಲೇ ಅತ್ಯಂತ ಕೆಳಗಿರುತ್ತದೆ. ಕೈಯಲ್ಲಿ ರೊಕ್ಕ ಇರದ ಸಣ್ಣ ರೈತ ಸಾಲಗಾರನಿಗೆ ಮುಖ ಕೊಡಬೇಕಾದದ್ದೂ ಆಗಲೇ. ಉಳ್ಳಾಗಡ್ಡಿ ಕಿತ್ತ ವಾರದಲ್ಲೇ ನಮ್ಮ ಅಪ್ಪ ಚೀಲ ತುಂಬಿ ಕಳುಹಿಸಿಬಿಡುತ್ತಾನೆ. ಮೂರು ತಿಂಗಳು ತಡೆದರೆ ಬೆಲೆ ಬರಬಹುದೆಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ತಡೆಯುವ ಶಕ್ತಿ ವ್ಯಾಪಾರಿಗೆ ಇದೆ. ನಿದ್ರೆಯ ಔಷಧವೂ ಮೊದಲು ಯಾರ ಉಗ್ರಾಣಕ್ಕೆ ಹೋದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ವಿಜ್ಞಾನಿಗಳನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಆದರೆ ಹತ್ತಾರು ಮನೆಯವರು ಸೇರಿ ಒಂದು ತೊಟ್ಟಿ ಕಟ್ಟಿ, ಸಹಕಾರ ಸಂಘದಿಂದ ಪುಡಿಯನ್ನು ಸುಗ್ಗಿಗೆ ಮೊದಲೇ ಕಡವಾಗಿ ಪಡೆಯುವ ಏರ್ಪಾಡಿಲ್ಲದೆ ಇದು ಸಣ್ಣ ಹಿಡುವಳಿಗೆ ಇಳಿಯಲಾರದು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಗೆಡ್ಡೆಗೆಣಸಿಗೆ ಹೆಸರಾದ ಜೊಯಿಡಾದ ಕುಣಬಿ ಜನರಂಥವರಿಗೂ ಈ ಮಾತು ಸಲ್ಲುತ್ತದೆ.

ಕೊನೆಗೆ ಬೀಜದ ರಾಶಿಯ ಮಾತೊಂದು ಉಳಿದಿದೆ. ಉಣ್ಣುವ ಗೆಡ್ಡೆ ಎಷ್ಟು ಮಲಗಿದರೂ ಒಳ್ಳೆಯದೇ. ಬೀಜದ ಗೆಡ್ಡೆ ಮಳೆಯ ಹೊತ್ತಿಗೆ ಏಳಲೇಬೇಕು. ಒಂದೇ ಹಂದರದ ಎರಡು ರಾಶಿಗಳಿಗೆ ಎರಡು ಬಗೆಯ ನಿದ್ರೆ ಬೇಕಾಗಿದೆ. ಹೊಸ ತಳಿ ಮಾಡುವವರು ಕೇಳುವುದಂತೂ ನಿದ್ರೆ ಉದ್ದವಾಗಲಿ ಎಂದಲ್ಲ, ಗಿಡ್ಡವಾಗಲಿ ಎಂದು. ಈ ನಿದ್ರೆಯ ದೆಸೆಯಿಂದ ವರ್ಷಕ್ಕೆ ಒಂದೇ ಬೆಳೆ ಬರುತ್ತದೆ, ಒಂದು ತಳಿಯನ್ನು ಪರೀಕ್ಷಿಸಿ ನೋಡಲು ವರ್ಷಗಳೇ ಹಿಡಿಯುತ್ತವೆ. ಅವರಿಗೆ ಅಡ್ಡ ನಿಂತಿರುವುದು ಆ 220 ದಿನಗಳ ಮೊದಲ ಘಟ್ಟ. ಅದನ್ನು ಮೊಟಕು ಮಾಡುವ ಅಪ್ಪಣೆಯನ್ನು ಒಯ್ಯಬಲ್ಲ ವಸ್ತುವನ್ನು ಆ 2006 ರ ಅಧ್ಯಯನದವರು ತಮ್ಮ ಸೀಸೆಗಳಲ್ಲಿ ಕಾಣಲಿಲ್ಲ.